ಚಾಂಪಿಯನ್ ತಾತ ಹತ್ತಿದ ಕಾರು

ನಮ್ಮ ಭಾವ ಬಂಗಾರಪೇಟೆಯ ನಮ್ಮ ಮನೆಗೆ ಬಂದು ಎರಡು ವರ್ಷ ದಾಟಿತ್ತು. ದೂರ ಅಂತೇನಿಲ್ಲ. ಅವರಿರುವುದು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಕೋರಮಂಡಲ್, ಉರಿಗಾಂ, ಆಮೇಲೆ ಚಾಂಪಿಯನ್. ಅದರಾಚೆ ಮಾರಿಕುಪ್ಪಂ, ಅಲ್ಲಿಗೆ ಹಳಿಯೇ ಮುಗಿಯುತ್ತದೆ. ಚಿನ್ನದ ಗಣಿಗಾಗಿಯೇ 1894ರಲ್ಲಿ ಹಾಕಿದ ಪುಟ್ಟ ಹಳಿ ಅದು. ಈಗ ಆ ಹಳಿಯ ಮೇಲೆ ಚಿನ್ನ ಬರುವುದಿಲ್ಲ, ಬೆಳಗಾಗುವ ಮೊದಲೇ ಬೆಂಗಳೂರಿಗೆ ಕೆಲಸಕ್ಕೆ ಹೊರಡುವ ಜನ ಬರುತ್ತಾರೆ. ನನ್ನ ಮಗಳೂ ಅವರಲ್ಲಿ ಒಬ್ಬಳು.

ಆದರೆ ಎಪ್ಪತ್ನಾಲ್ಕು ವರ್ಷದ ಭಾವನಿಗೆ ಮಂಡಿ ಮಡಚುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ಉಸಿರು ಸಾಲುವುದಿಲ್ಲ. ಬಸ್ಸಿನ ಮೆಟ್ಟಿಲು ಎತ್ತರ, ಆಟೋ ಕುಲುಕುತ್ತದೆ, ರೈಲಿಗೆ ಹತ್ತಿಸಲು ಇಬ್ಬರು ಬೇಕು. ಇಬ್ಬರು ಸೇರಿ ತಮ್ಮನ್ನು ಎತ್ತುವುದು ಅವರಿಗೆ ಸುತರಾಂ ಇಷ್ಟವಿಲ್ಲ. ಮೂವತ್ತು ವರ್ಷ ಗಣಿಯೊಳಗೆ ಇಳಿದು ಹತ್ತಿದ ಮನುಷ್ಯ. "ಬರ್ತೀನಿ ಬರ್ತೀನಿ, ಸ್ವಲ್ಪ ಸರಿಹೋಗ್ಲಿ" ಎನ್ನುತ್ತಲೇ ಎರಡು ವರ್ಷ ಕಳೆದಿದ್ದರು. ನನ್ನ ಮೊಮ್ಮಗಳಿಗೆ ಅವರು ಚಾಂಪಿಯನ್ ತಾತ. ಇಬ್ಬರು ತಾತಂದಿರನ್ನು ಬೇರೆ ಮಾಡಲು ಚಿಕ್ಕವಳಿದ್ದಾಗ ಅವಳೇ ಇಟ್ಟ ಹೆಸರು. ಚಾಂಪಿಯನ್ ಎಂದರೆ ಏನೋ ದೊಡ್ಡ ಪಂದ್ಯ ಗೆದ್ದವರು ಅಂತಲೇ ಬಹಳ ಕಾಲ ತಿಳಿದಿದ್ದಳು.

ಹೀಗಿರುವಾಗ ನಾನು ಒಂದು ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್ ಕೊಂಡೆ. ನಂಬರು ಕೆಎ 08ರಿಂದ ಶುರು, ಅಂದರೆ ಕೆಜಿಎಫ್‌ನದೇ ಗಾಡಿ. ಮಾರುತಿ 800 ಕಾರು 1983ರಲ್ಲಿ ಬಂದಾಗ ನಾನು ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರಿದ್ದೆ. ಎಂದಾದರೂ ಒಂದು ಕಾರು ಎಂಬ ಆಸೆ ಅಂದಿನದು. ಅದು ತೀರಿದ್ದು ಅರವತ್ತೊಂಬತ್ತನೇ ವಯಸ್ಸಿಗೆ. ವ್ಯಾಗನ್ ಆರ್ ಆರಿಸಿದ್ದಕ್ಕೆ ಕಾರಣವಿದೆ. ಅದು ನಿಲುವು ಎತ್ತರದ ಪೆಟ್ಟಿಗೆಯಂಥ ಕಾರು. ತಲೆ ಬಗ್ಗಿಸಿ ನೆಲಕ್ಕೆ ಕುಸಿದಂತೆ ಕೂರಬೇಕಿಲ್ಲ, ಕುರ್ಚಿಯ ಮೇಲೆ ಕೂತಂತೆ ಕೂರಬಹುದು. ಮಗಳನ್ನು ಸ್ಟೇಷನ್‌ಗೆ ಬಿಡುವುದು, ಮೊಮ್ಮಗಳ ಶಾಲೆ, ತರಕಾರಿ, ಇಷ್ಟಕ್ಕೆ ಸಾಕು. ಭಾವನನ್ನು ಕರೆತರಬೇಕು ಎನ್ನುವುದು ಮನಸ್ಸಿನಲ್ಲೇ ಇತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ.

ಏಳನೇ ತರಗತಿ ಮುಗಿಸಿ ರಜೆಯಲ್ಲಿದ್ದ ಮೊಮ್ಮಗಳು ಕಾರನ್ನು ಒಂದು ಸುತ್ತು ಹಾಕಿ ನೋಡಿ, "ತಾತಾ, ಇದನ್ನ ಮಾಡಿಫೈ ಮಾಡಿಸ್ಬೇಕು" ಎಂದಳು. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಪಟ್ಟಿಯೂ ಸಿದ್ಧವಾಯಿತು. ದಪ್ಪ ಟೈರು, ಹೊಳೆಯುವ ಅಲಾಯ್ ಚಕ್ರ, ಹಳದಿ ಬಣ್ಣ, ಹಾಡುವ ಹಾರ್ನು, ಹಿಂದಿನ ಗಾಜಿನ ಮೇಲೆ ಸಿನಿಮಾದಲ್ಲಿರುವ ಹಾಗೆ ದೊಡ್ಡದಾಗಿ ಕೆಜಿಎಫ್. ನನ್ನ ಪಟ್ಟಿ ಒಂದೇ ಸಾಲಿನದು: ಭಾವ ಹತ್ತುವ ಹಾಗಾಗಬೇಕು.

ಎರಡೂ ಪಟ್ಟಿ ಹಿಡಿದು ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ ಹತ್ತಿರ ಹೋದೆವು.

ಆ ದಾರಿಯ ಬಗ್ಗೆ ಎರಡು ಮಾತು. ನಮ್ಮ ಊರನ್ನು ಹಿಂದೆ ಬೌರಿಂಗ್‌ಪೇಟೆ ಎನ್ನುತ್ತಿದ್ದರು, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು. ಅಲ್ಲಿಂದ ಕೆಜಿಎಫ್ ಕಡೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಬೆಮೆಲ್ ಸಿಗುತ್ತದೆ. ಬುಲ್ಡೋಜರಿನಂಥ ಮಣ್ಣು ಕೆದರುವ ದೈತ್ಯ ಯಂತ್ರಗಳು ತಯಾರಾಗುವ ಜಾಗ. ಇತ್ತ ಬೆಮೆಲ್, ಅತ್ತ ಗಣಿಯ ವರ್ಕ್‌ಶಾಪ್. ಹಾಗಾಗಿ ಈ ಊರಿನಲ್ಲಿ ಫಿಟ್ಟರು, ವೆಲ್ಡರು, ಟರ್ನರುಗಳಿಗೆ ಬರವಿಲ್ಲ. ನಮ್ಮ ಮೆಕ್ಯಾನಿಕ್ ಕೂಡ ಗಣಿಯ ಫಿಟ್ಟರೊಬ್ಬರ ಮಗ. ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡುತ್ತಾನೆ, ಎಲ್ಲರಿಗೂ ಅರ್ಥವಾಗುತ್ತದೆ.

ಅವನು ಮೊಮ್ಮಗಳ ಪಟ್ಟಿಯನ್ನು ಗಂಭೀರವಾಗಿ ಓದಿದ. ನಗಲಿಲ್ಲ. ಅದಕ್ಕೇ ನನಗೆ ಅವನ ಮೇಲೆ ಗೌರವ ಬಂತು. "ಬಣ್ಣ ಬದಲಾಯಿಸಬೇಕಂದ್ರೆ ಆರ್‌ಟಿಓ ಪರ್ಮಿಷನ್ ಬೇಕಮ್ಮಾ, ಆರ್‌ಸಿಯಲ್ಲಿ ಬಣ್ಣ ಬರೆದಿರ್ತಾರೆ" ಎಂದ. ಕಂಪನಿ ಕೊಟ್ಟ ಗಾಡಿಯ ಮೂಲ ವಿವರಗಳನ್ನು ನಮ್ಮಿಷ್ಟದಂತೆ ಬದಲಿಸುವಂತಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ; 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿತು. ಹಾಡುವ ಹಾರ್ನಿಗೂ ಅನುಮತಿ ಇಲ್ಲ. ಮೊಮ್ಮಗಳ ಮುಖ ಸಣ್ಣದಾಯಿತು. "ಟೈರು?" ಎಂದಳು. "ಟೈರಿಗೆ ಲೆಕ್ಕ ಮಾಡ್ಬೇಕು. ನಿಮ್ಮ ತಾತ ಮೇಷ್ಟ್ರಲ್ವಾ, ಅವರನ್ನೇ ಕೇಳು" ಎಂದು ಚೆಂಡನ್ನು ನನ್ನ ಕಡೆಗೆ ಎಸೆದ.

ಮನೆಗೆ ಬಂದು ಲೆಕ್ಕ ಮಾಡಿದೆವು. ಮಕ್ಕಳೇ, ನೀವೂ ನಿಮ್ಮ ಮನೆಯ ಗಾಡಿಗೆ ಮಾಡಿ ನೋಡಬಹುದು. ನಮ್ಮ ಟೈರಿನ ಎತ್ತರ, ನೆಲದಿಂದ ನೆತ್ತಿಯವರೆಗೆ, ಸುಮಾರು 56 ಸೆಂಟಿಮೀಟರ್. ಅದನ್ನು 3.14ರಿಂದ ಗುಣಿಸಿದರೆ ಸುತ್ತಳತೆ, 176 ಸೆಂಟಿಮೀಟರ್. ಸುತ್ತಲೂ ದಾರ ಹಿಡಿದು ಅಳೆದರೂ ಹತ್ತಿರ ಹತ್ತಿರ ಅಷ್ಟೇ ಬಂತು. ಒಂದು ಕಿಲೋಮೀಟರ್ ಹೋಗಲು ಈ ಚಕ್ರ 568 ಸುತ್ತು ತಿರುಗಬೇಕು. 60 ಸೆಂಟಿಮೀಟರಿನ ದೊಡ್ಡ ಟೈರು ಹಾಕಿದರೆ 531 ಸುತ್ತು ಸಾಕು. ಆದರೆ ಡ್ಯಾಶ್‌ಬೋರ್ಡಿನ ವೇಗದ ಮುಳ್ಳಿಗೆ ಟೈರು ಬದಲಾಗಿದ್ದು ಗೊತ್ತಿಲ್ಲ. ಅದು ಸುತ್ತುಗಳನ್ನೇ ಎಣಿಸುತ್ತದೆ. ಮುಳ್ಳು 60 ತೋರಿಸುವಾಗ ಕಾರು ನಿಜವಾಗಿ 64ರಲ್ಲಿ ಓಡುತ್ತಿರುತ್ತದೆ! ದಪ್ಪ ಟೈರು ಸ್ಟೇರಿಂಗ್ ತಿರುಗಿಸಿದಾಗ ಒಳಬದಿಗೆ ಉಜ್ಜಬಹುದು, ಪೆಟ್ರೋಲು ಹೆಚ್ಚು ಕುಡಿಯಬಹುದು, ಅದು ಬೇರೆ. ಮೊಮ್ಮಗಳು ಲೆಕ್ಕವನ್ನು ಎರಡು ಸಲ ಪರೀಕ್ಷಿಸಿ, ತಾನೇ ಪಟ್ಟಿಯಲ್ಲಿ ಟೈರಿನ ಮೇಲೆ ಗೀಟು ಎಳೆದಳು. ಕಂಪನಿ ಹೇಳಿದ ಅಳತೆಯದೇ ಹೊಸ ಟೈರು ನಾಲ್ಕು ಹಾಕಿಸಿದೆವು. ಹಳೆಯವು ಸವೆದು ಬೋಳಾಗಿದ್ದವು.

ಮುಂದಿನ ವಾರ ಗಾಜು. ಹಿಂದಿನ ಮಾಲೀಕರು ಎಲ್ಲ ಕಿಟಕಿಗೂ ಕಪ್ಪು ಫಿಲ್ಮ್ ಅಂಟಿಸಿದ್ದರು. 2012ರಲ್ಲೇ ಸುಪ್ರೀಂ ಕೋರ್ಟು ಬೇಡ ಎಂದದ್ದು. ತಲೆ ಒಣಗಿಸುವ ಡ್ರೈಯರಿನಿಂದ ಬಿಸಿ ಮಾಡುತ್ತ, ಸೋಪಿನ ನೀರು ಹಾಕುತ್ತ, ಮೂಲೆಯಿಂದ ನಿಧಾನಕ್ಕೆ ಎಳೆದರೆ ಹಾವಿನ ಪೊರೆಯಂತೆ ಬಿಟ್ಟು ಬರುತ್ತದೆ. ಇಡೀ ಮಧ್ಯಾಹ್ನ ಅದೇ ಕೆಲಸ. ಮೊಮ್ಮಗಳಿಗೆ ಅಷ್ಟು ಖುಷಿ ಯಾವ ಆಟದಲ್ಲೂ ಸಿಕ್ಕಿರಲಿಲ್ಲ. ಆಮೇಲೆ ಮಂಕಾಗಿ ಹಳದಿಗಟ್ಟಿದ ಹೆಡ್‌ಲೈಟನ್ನು ನೀರಿನಲ್ಲಿ ನೆನೆಸಿದ ನಯವಾದ ಎಮರಿ ಪೇಪರಿನಿಂದ ಉಜ್ಜಿ, ಮೇಲೆ ಪಾಲಿಷ್ ಹಾಕಿದೆವು. ಕಣ್ಣು ಕುಕ್ಕುವ ಬಿಳಿ ದೀಪ ಹಾಕಿಸಿ ಎಂದು ಅಂಗಡಿಯವರೊಬ್ಬರು ಒತ್ತಾಯ ಮಾಡಿದರು. ಎದುರಿಗೆ ಬರುವವರೂ ನನ್ನ ಹಾಗೆ ಪೊರೆಯ ಆಪರೇಷನ್ ಮಾಡಿಸಿಕೊಂಡವರಾಗಿರಬಹುದಲ್ಲ? ಬೇಡ ಎಂದೆ.

ಮಗಳು ಒಂದೇ ಒಂದು ಷರತ್ತು ಹಾಕಿದಳು. "ಅಪ್ಪಾ, ಕಾರಿಗೆ ಏನು ಬೇಕಾದ್ರೂ ಮಾಡಿಸಿ. ಕತ್ತಲಾದ ಮೇಲೆ ಮಾತ್ರ ನೀವು ಓಡಿಸೋ ಹಾಗಿಲ್ಲ." ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೇ ದಿನ ಮುಸ್ಸಂಜೆಯಲ್ಲಿ, ಎದುರಿನ ಲಾರಿಯ ಬೆಳಕಿಗೆ ರಸ್ತೆಯ ಅಂಚೇ ಕಾಣದೆ, ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನ ಹತ್ತಿರಕ್ಕೆ ಹೋಗಿಬಿಟ್ಟಿದ್ದೆ. ಯಾರಿಗೂ ಏನೂ ಆಗಲಿಲ್ಲ. ಆದರೂ ಅಂದು ಮನೆಗೆ ಬಂದು ಮಗಳಿಗೆ "ಆಯ್ತಮ್ಮ" ಎಂದೆ. ಯಾಕೆ ಎಂದು ಅವಳಿಗೆ ಈ ಬರಹ ಓದಿದಾಗಲೇ ತಿಳಿಯುವುದು.

ಈಗ ಮುಖ್ಯ ಕೆಲಸ. ಸೀಟಿನ ಮೇಲೆ ಇಡುವ ಒಂದು ಮೆತ್ತೆ ಸಿಗುತ್ತದೆ, ಒಳಗೆ ತಿರುಗುವ ತಟ್ಟೆ. ಹೊರಮುಖವಾಗಿ ಕೂತು ಹಾಗೇ ಮುಂದಕ್ಕೆ ತಿರುಗಿಬಿಡಬಹುದು. ನನಗೆ ಬಹಳ ಬುದ್ಧಿವಂತಿಕೆಯದೆನಿಸಿ ಅದನ್ನು ತರಿಸಿ, ಒಂದು ಭಾನುವಾರ ಚಾಂಪಿಯನ್ ರೀಫ್‌ಗೆ ಹೋದೆವು. ಗಣಿ ಕೆಲಸಗಾರರಿಗಾಗಿ ಕಟ್ಟಿದ ಸಾಲು ಮನೆಗಳು, ಅಲ್ಲಿನವರು ಲೈನ್ ಎನ್ನುತ್ತಾರೆ. ಒಂದರ ಗೋಡೆಗೆ ಇನ್ನೊಂದು ಮನೆ. ಕಾರು ನಿಂತೊಡನೆ ಲೈನಿನ ಅರ್ಧ ಜನ ನೋಡಲು ಬಂದರು. ಅದೇ ತಪ್ಪಾಯಿತು. ಭಾವ ಕೂರುವ ಮೊದಲೇ ಮೆತ್ತೆ ತಿರುಗಿತು, ದೇಹ ಒಂದು ಕಡೆ, ಕಾಲು ಒಂದು ಕಡೆ. ಜಾರಿ ಮಂಡಿ ಬಾಗಿಲಿಗೆ ತಾಗಿತು. ಮೂವರು ಓಡಿ ಬಂದು ಎತ್ತಿದರು. ಭಾವ ಯಾರ ಮುಖವನ್ನೂ ನೋಡಲಿಲ್ಲ. "ನನ್ನನ್ನ ಮೂಟೆ ಮಾಡ್ಬೇಡಿ ಮೇಷ್ಟ್ರೇ" ಎಂದು ಹೇಳಿ ಒಳಗೆ ಹೋದರು. ಅಕ್ಕ ಕೊಟ್ಟ ಕಾಫಿ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಮೊಮ್ಮಗಳು ಮಾತ್ರ ಅವರ ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಚಾಂಪಿಯನ್ ತಾತಾ, ಗಣಿ ಒಳಗೆ ಹೋಗೋ ಲಿಫ್ಟಿಗೆ ನೀವು ಹೆಂಗೆ ಹತ್ತುತ್ತಿದ್ರಿ?"

"ಲಿಫ್ಟಲ್ಲ ಅದು, ಕೇಜು. ಪಂಜರ. ನಡ್ಕೊಂಡು ಹೋಗಿ ನಿಂತ್ಕೊಳ್ಳೋದು. ಒತ್ತಾಗಿ ನಿಲ್ಲಿಸ್ತಿದ್ರು."

"ಬೀಳ್ತಿರ್ಲಿಲ್ವಾ?"

"ಹಿಡಿಯೋಕೆ ಸರಳಿತ್ತಲ್ಲ. ಕೈಗೆ ಒಂದು ಸರಳು ಸಿಕ್ಕಿದ್ರೆ ಮನುಷ್ಯ ಬೀಳಲ್ಲ ಮಗಾ."

ಅವಳು ಹೊರಗೆ ಬಂದು, "ತಾತಾ, ಮೆತ್ತೆ ಬೇಡ, ಸರಳು ಬೇಕು" ಎಂದಳು. ಮೂವತ್ತೈದು ವರ್ಷ ಪಾಠ ಹೇಳಿದ ನಾನು ಮೊದಲು ಭಾವನನ್ನೇ ಕೇಳಬೇಕಿತ್ತು. ಕೇಳಿರಲಿಲ್ಲ.

ಮೆಕ್ಯಾನಿಕ್‌ಗೆ ಇದು ಒಂದು ಗಂಟೆಯ ಕೆಲಸ. ಕಾರಿನ ಬಾಗಿಲು ಮುಚ್ಚಿದಾಗ ಬೀಗ ಕಚ್ಚಿಕೊಳ್ಳಲು ಕಂಬದಲ್ಲಿ ಒಂದು ಗಟ್ಟಿ ಕಬ್ಬಿಣದ ಬಳೆ ಇರುತ್ತದೆ, ನೋಡಿ. ಅದಕ್ಕೆ ಸಿಕ್ಕಿಸುವ ಒಂದು ಹಿಡಿ ಅಂಗಡಿಯಲ್ಲಿ ಸಿಗುತ್ತದೆ. ಹೊರಮುಖವಾಗಿ ಕೂತಾಗ ಅದು ಎಡಗೈಗೆ ಬರುತ್ತದೆ. ಎದ್ದ ಮೇಲೆ ತೆಗೆದಿಟ್ಟರಾಯಿತು. ಬಾಗಿಲಿನ ಮೇಲೆ, ಚಾವಣಿಯ ಅಂಚಿನಲ್ಲಿ ಇನ್ನೊಂದು ಹಿಡಿ ಗಟ್ಟಿಯಾಗಿ ಕೂರಿಸಿದ. ಅದನ್ನು ಹಿಡಿದು ಅವನೇ ತನ್ನ ಪೂರ್ತಿ ಭಾರ ಬಿಟ್ಟು ಜೋತಾಡಿ ನೋಡಿದ. ಕಾಲಿಡಲು ಆರು ಇಂಚಿನ ಒಂದು ಮರದ ಮಣೆ. ಜಾರದಂತೆ ಕೆಳಗೂ ಮೇಲೂ ಹಳೆಯ ಟೈರಿನ ರಬ್ಬರ್ ಹೊಡೆದದ್ದು. ಕಾರಿನ ಮೂಲ ರೂಪಕ್ಕೆ ಯಾವ ಧಕ್ಕೆಯೂ ಇಲ್ಲ.

ಇನ್ನೊಂದು ಕೆಲಸ ಅವನಾಗಿಯೇ ಹೇಳಿದ್ದು. "ಸಾರ್, ಸೈನೈಡ್ ಗುಡ್ಡದ ಪಕ್ಕ ಅಯ್ಯಾ ಅವರನ್ನ ಕರ್ಕೊಂಡು ಹೋಗ್ತೀರಾ, ಗಾಳಿ ಫಿಲ್ಟರ್ ಹಾಕ್ಸಿ."

ಕೆಜಿಎಫ್‌ಗೆ ಹೋದವರೆಲ್ಲ ಆ ಬೂದುಬಣ್ಣದ ಗುಡ್ಡಗಳನ್ನು ನೋಡಿರುತ್ತೀರಿ. ದೇವರು ಮಾಡಿದ ಗುಡ್ಡಗಳಲ್ಲ ಅವು. ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಆ ಪುಡಿಯಿಂದ ಸೈನೈಡ್ ದ್ರಾವಣ ಬಳಸಿ ಚಿನ್ನವನ್ನು ಬೇರ್ಪಡಿಸಿ, ಉಳಿದದ್ದನ್ನು ರಾಶಿ ಹಾಕುತ್ತಿದ್ದರು. ನೂರಿಪ್ಪತ್ತು ವರ್ಷದಲ್ಲಿ ಇಲ್ಲಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೋಯಿತು, ಪುಡಿ ಇಲ್ಲೇ ಉಳಿಯಿತು. ಹದಿಮೂರು ಗುಡ್ಡ, ಸಾವಿರ ಎಕರೆ ಜಾಗ. ಅದರಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಸಿನಿಮಾದವರಿಗೆ ಆ ಗುಡ್ಡ ಚಂದ. ಆಷಾಢದ ಗಾಳಿ ಬೀಸಿದರೆ ಸುತ್ತಲಿನ ಮನೆಗಳಲ್ಲಿ ತಟ್ಟೆ, ಹಾಸಿಗೆ, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಅದೇ ಪುಡಿ.

ಕಾರಿನೊಳಗೆ ಹೊರಗಿನ ಗಾಳಿ ಬರುವುದು ಮುಂದಿನ ಗಾಜಿನ ಬುಡದಿಂದ. ಡ್ಯಾಶ್‌ಬೋರ್ಡಿನ ಎಡಗಡೆ, ಕಾಗದಪತ್ರ ಇಡುವ ಪೆಟ್ಟಿಗೆಯ ಹಿಂದೆ ಒಂದು ಫ್ಯಾನ್ ಅದನ್ನು ಎಳೆದು ನಮ್ಮ ಮುಖಕ್ಕೆ ಬಿಡುತ್ತದೆ. ಮಧ್ಯದಲ್ಲಿ ಫಿಲ್ಟರ್ ಕೂರುವ ಜಾಗ ನಮ್ಮ ಕಾರಿನಲ್ಲಿ ಖಾಲಿ ಬಿದ್ದಿತ್ತು. ಬೀಸಣಿಗೆಯಂತೆ ಮಡಿಕೆ ಮಡಿಕೆಯಾದ ಕಾಗದದ ಚೌಕವೊಂದನ್ನು ಅಲ್ಲಿ ತೂರಿಸಿದರು. ಗುಡ್ಡ ಹತ್ತಿರ ಬಂದಾಗ ಹೊರಗಿನ ಗಾಳಿ ಮುಚ್ಚುವ ಸಣ್ಣ ಹಿಡಿಕೆಯನ್ನು ಸರಿಸುವ ಜವಾಬ್ದಾರಿ ಮೊಮ್ಮಗಳದು.

ಆಷಾಢ ಮುಗಿದ ಮೇಲೆ ಆ ಫಿಲ್ಟರನ್ನು ಬಿಚ್ಚಿ ಭಾವನ ಮನೆಯ ಜಗಲಿಯ ಮೇಲೆ ಇಟ್ಟೆವು. ಬಿಳಿಯ ಕಾಗದ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ತಟ್ಟಿದರೆ ನುಣ್ಣನೆ ಪುಡಿ. ಭಾವ ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ತಿರುಗಿಸಿ ನೋಡಿದರು. "ಮೂರು ಕಿಲೋಮೀಟರ್ ಕೆಳಗೆ ಬಂಡೆ ಮುಟ್ಟಿದ್ರೆ ಸುಡ್ತಿತ್ತು. ಮೇಲೆ ತಣ್ಣಗೆ ಮಾಡಿದ ಗಾಳೀನ ಒಳಕ್ಕೆ ನೂಕೋರು. ಗಾಳಿ ಬರೋದು. ಧೂಳೂ ಇರೋದು" ಎಂದರು. ಆಮೇಲೆ ಎದೆ ಮುಟ್ಟಿಕೊಂಡು, "ಇದನ್ನ ಹೀಗೆ ಬಿಚ್ಚಿ ಹೊಸದು ಹಾಕೋಕಾಗಲ್ಲ ನೋಡು" ಎಂದರು. ಕಲ್ಲಿನ ನುಣುಪು ಧೂಳು ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಆಗುತ್ತದೆ. ಅದಕ್ಕೆ ವಾಸಿಯಾಗುವ ಔಷಧಿ ಇಲ್ಲ. ಮೊಮ್ಮಗಳಿಗೆ ಅದನ್ನು ಆ ದಿನ ವಿವರಿಸಬೇಕಾಗಿ ಬಂತು. ಅವಳು ಆ ಹಳೆಯ ಫಿಲ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಶಾಲೆಗೆ ತೆಗೆದುಕೊಂಡು ಹೋದಳು, ವಿಜ್ಞಾನದ ಮೇಡಂಗೆ ತೋರಿಸಲು.

ನಾನು ಮುಂದಕ್ಕೆ ಹಾರಿಬಿಟ್ಟೆ. ಸರಳು ಹಾಕಿಸಿದ ಮಾರನೆಯ ವಾರದ ಕತೆ ಹೇಳಬೇಕು.

ಈ ಸಲ ಬೆಳಿಗ್ಗೆ ಏಳಕ್ಕೇ ಹೋದೆವು, ಲೈನಿನಲ್ಲಿ ಜನ ಏಳುವ ಮೊದಲು. ಭಾವ ಮಣೆಯನ್ನು ಕೋಲಿನಿಂದ ಕುಟ್ಟಿ ನೋಡಿದರು. ಹಿಡಿಯನ್ನು ಎಳೆದು ನೋಡಿದರು. ನಾನು ಸಹಾಯಕ್ಕೆ ಕೈ ಚಾಚಿದ್ದೆ, ಮೊಮ್ಮಗಳು ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ಭಾವ ಕಾರಿಗೆ ಬೆನ್ನು ಮಾಡಿ ನಿಂತು, ಬಲಗೈಯಿಂದ ಮೇಲಿನ ಹಿಡಿ, ಎಡಗೈಯಿಂದ ಕಂಬದ ಹಿಡಿ ಹಿಡಿದು ನಿಧಾನಕ್ಕೆ ಕೂತರು. ಒಂದು ಕಾಲು ಮಣೆಯ ಮೇಲೆ. ಉಸಿರು ತೆಗೆದುಕೊಂಡರು. ಅದು ಒಳಗೆ. ಇನ್ನೊಂದು ಕಾಲನ್ನು ಪಂಚೆ ಹಿಡಿದು ಎತ್ತಿ ಇಟ್ಟುಕೊಂಡರು. ಎರಡು ನಿಮಿಷವಾದರೂ ಆಗಿರಬಹುದು. ಬೆಲ್ಟು ತಾವೇ ಹಾಕಿಕೊಂಡು, "ಏನು ನಿಂತು ನೋಡ್ತಿದೀರಿ, ಹೊರಡಿ" ಎಂದರು.

ಹೊರಡುವ ಮೊದಲು ಹಾರ್ನು ಒತ್ತಿದೆ, ಅಭ್ಯಾಸ. ಎರಡು ಮೂರು ಸಲ. ಭಾವ ಗದರಿದರು. ಗಣಿಯ ಕೇಜಿಗೆ ಗಂಟೆಯ ಸಂಕೇತವಿತ್ತು, ಇಷ್ಟು ಸಲ ಹೊಡೆದರೆ ಇಂಥದ್ದು ಎಂದು. ಒಂದು ಹೆಚ್ಚು ಹೊಡೆದರೆ ಮೇಲಿನವನಿಗೆ ಬೇರೆಯೇ ಅರ್ಥ, ಕೆಳಗಿನವರ ಜೀವಕ್ಕೆ ಕುತ್ತು. "ಸುಮ್ನೆ ಹೊಡೀಬಾರದು. ಹೇಳೋದಿದ್ರೆ ಹೊಡೀಬೇಕು." ಹಾಡುವ ಹಾರ್ನಿನ ಆಸೆ ಮೊಮ್ಮಗಳಿಗೆ ಅಂದು ಪೂರ್ತಿ ಹೋಯಿತು.

ದಾರಿಯುದ್ದಕ್ಕೂ ಭಾವನದೇ ಮಾತು. ಇಲ್ಲಿ ಶಿವನಸಮುದ್ರದಿಂದ ಕರೆಂಟು ಬಂದಿದ್ದು 1902ರಲ್ಲಿ, ನಿಮ್ಮ ಬೆಂಗಳೂರಿಗಿಂತ ಮೂರು ವರ್ಷ ಮೊದಲು. ನಮ್ಮ ಗಣಿಯ ಆಳದಲ್ಲೇ 1965ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಎಂಬ ಕಣಕ್ಕಾಗಿ ಕಾದು ಕೂತು ಕಂಡುಹಿಡಿದರು. ಮೇಲಿನಿಂದ ಬೇರೆ ಕಣಗಳ ಗದ್ದಲ ಬರದಿರಲಿ ಎಂದು ಅಷ್ಟು ಆಳಕ್ಕೆ ಹೋಗಿದ್ದು. ಶಾಫ್ಟಿನ ಹತ್ತಿರ ಬಂದಾಗ ಮಾತ್ರ ಸುಮ್ಮನಾದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಗ ಅವರಿಗೆ ಐವತ್ತು.

ಬಂಗಾರಪೇಟೆಯಲ್ಲಿ ಅವರನ್ನು ಇಳಿಸುವುದು ಹತ್ತಿಸುವುದಕ್ಕಿಂತ ಸುಲಭವಾಯಿತು. ಸಂಜೆ ಪಾನಿಪುರಿ. ನಮ್ಮೂರಿನ ಪಾನಿಗೆ ಬಣ್ಣವೇ ಇಲ್ಲ, ಬಾವಿ ನೀರಿನಷ್ಟು ತಿಳಿ. ಬಾಯಿಗಿಟ್ಟ ಮೇಲೆ ಖಾರ ಗೊತ್ತಾಗುವುದು. ಭಾವ ಕಾರಿನಲ್ಲೇ ಕೂತು ಎರಡು ಪ್ಲೇಟು ತಿಂದರು, ಕಣ್ಣಲ್ಲಿ ಮೂಗಲ್ಲಿ ನೀರು. ಬಿಸಿಲಿರುವಾಗಲೇ ವಾಪಸು ಬಿಟ್ಟು ಬಂದೆ, ಮಗಳಿಗೆ ಕೊಟ್ಟ ಮಾತಿತ್ತಲ್ಲ.

ಉಳಿದದ್ದು ಕೆಜಿಎಫ್ ಸ್ಟಿಕರ್. ಸಿನಿಮಾದ ಅಕ್ಷರ ಬೇಡ, ತಾನೇ ಬರೆಯುತ್ತೇನೆ ಎಂದು ಮೊಮ್ಮಗಳು ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರದ ಚಿತ್ರ ಬರೆದಳು. ಭಾವ ಕನ್ನಡಕ ಹಾಕಿಕೊಂಡು ತಿದ್ದಿದರು. ಚಕ್ರ ತುದಿಯಲ್ಲಿರಬೇಕು. ಹಗ್ಗ ನೇರ ಕೆಳಗಿಳಿಯುವುದು ಒಂದು ಕಡೆ, ಇನ್ನೊಂದು ಕಡೆ ಓರೆಯಾಗಿ ಎಂಜಿನ್ ಮನೆಗೆ ಹೋಗಬೇಕು. ಓರೆ ಕಾಲುಗಳು ಆ ಎಂಜಿನ್ ಮನೆಯ ಕಡೆಗೇ ಚಾಚಿರಬೇಕು, ಇಲ್ಲದಿದ್ದರೆ ಹಗ್ಗ ಎಳೆದಾಗ ಗೋಪುರ ವಾಲುತ್ತದೆ. ನಾಲ್ಕು ಸಲ ಅಳಿಸಿ ಬರೆಸಿದರು. ಐದನೆಯದಕ್ಕೆ ಒಪ್ಪಿದರು. ಗಾಜಿಗೆ ಅಡ್ಡ ಬರದಂತೆ ಡಿಕ್ಕಿ ಬಾಗಿಲಿನ ಕೆಳಮೂಲೆಯಲ್ಲಿ, ಅಂಗೈಯಗಲ, ಅದನ್ನು ಅಂಟಿಸಿದ್ದೇವೆ.

ಹೋದ ಶನಿವಾರ ಫೋನು ಮಾಡಿದ್ದರು. ಮಣೆಯ ಒಂದು ಕಾಲು ಅಲುಗಾಡುತ್ತದಂತೆ, ಮೆಕ್ಯಾನಿಕ್‌ಗೆ ಹೇಳಿ ಒಂದು ಮೊಳೆ ಹೊಡೆಸಬೇಕಂತೆ. ಬರುವ ಭಾನುವಾರ ಒಂಬತ್ತಕ್ಕೆ ಬಾ, ಲೈನಿನ ತಿರುವಿನಲ್ಲಿ ಹಾರ್ನು ಒಂದೇ ಸಲ ಹೊಡಿ, ನಾನು ಹೊರಗೆ ಬಂದಿರ್ತೀನಿ ಎಂದಿದ್ದಾರೆ.